ಓದುಗರ ಪ್ರಶ್ನೆ: ನಾಲ್ಕು ಮೀಟರಿಗೇ ಕಿವಿ ಹಠ ಹಿಡಿದರೆ

ಪ್ರಶ್ನೆ: ಮೇಡಂ, ಆರು ತಿಂಗಳಿಂದ ಫ್ರೀಡೈವಿಂಗ್, ಅಂದರೆ ಒಂದೇ ಉಸಿರಿನಲ್ಲಿ ಆಳಕ್ಕೆ ಮುಳುಗುವುದನ್ನು ಕಲಿಯುತ್ತಿದ್ದೇನೆ. ಸುಮ್ಮನೆ ಮಲಗಿದ್ದರೆ ಎರಡೂವರೆ ನಿಮಿಷ ಉಸಿರು ಕಟ್ಟುತ್ತೇನೆ. ಆದರೆ ತಲೆ ಕೆಳಗಾಗಿ ಇಳಿದರೆ ನಾಲ್ಕು ಮೀಟರಿಗೇ ಕಿವಿ ನೋಯುತ್ತದೆ. ಮೂಗು ಹಿಡಿದು ಊದಿದರೂ ಬಿಡುವುದಿಲ್ಲ. ನೀರಿನಲ್ಲಿ ನೆಟ್ಟಗೆ ಇದ್ದಾಗ ಮಾತ್ರ ಸಲೀಸು. ಇನ್ನೂ ಜೋರಾಗಿ ಊದಬೇಕಾ? ಜೊತೆಯವರೆಲ್ಲ ಹದಿನೈದು ಮೀಟರ್ ಮುಟ್ಟಿ ಬರುತ್ತಾರೆ. ನಾನೊಬ್ಬನೇ ಹಗ್ಗ ಹಿಡಿದು ನೇತಾಡುತ್ತಿರುತ್ತೇನೆ.

ಉತ್ತರ: ಜೋರಾಗಿ ಮಾತ್ರ ಊದಬೇಡಿ. ನಿಮ್ಮ ಕಿವಿಯಲ್ಲಿ ದೋಷ ಇದ್ದಂತಿಲ್ಲ. ನೆಟ್ಟಗಿದ್ದಾಗ ಸಲೀಸು ಅಂತ ನೀವೇ ಬರೆದಿದ್ದೀರಿ, ಅಲ್ವಾ? ಕಿವಿಗೂ ಮೂಗಿನ ಹಿಂಭಾಗಕ್ಕೂ ನಡುವೆ ಇರುವ ನಾಳ ತೆರೆಯುತ್ತಿದೆ. ನೀವು ಗಾಳಿ ಕಳಿಸುತ್ತಿರುವ ರೀತಿ ತಲೆ ಕೆಳಗಾದಾಗ ಕೆಲಸಕ್ಕೆ ಬರುತ್ತಿಲ್ಲ, ಅಷ್ಟೇ.

ನೀವು ಮಾಡುತ್ತಿರುವುದಕ್ಕೆ ವಾಲ್ಸಾಲ್ವಾ ಅಂತ ಹೆಸರು. ಇಟಲಿಯ ಆಂಟೋನಿಯೋ ವಾಲ್ಸಾಲ್ವಾ 1704ರಲ್ಲಿ ಕಿವಿಯ ಬಗ್ಗೆ ಬರೆದ ಗ್ರಂಥದಲ್ಲಿ ಇದನ್ನು ವಿವರಿಸಿದ. ಕಿವಿಯೊಳಗಿನ ಕೀವು ಹೊರಹಾಕುವುದು ಅವನ ಉದ್ದೇಶವಾಗಿತ್ತು. ಮುಳುಗುವವರು ಅವನ ತಲೆಯಲ್ಲಿ ಇರಲೇ ಇಲ್ಲ! ಇದರಲ್ಲಿ ಎದೆ, ಹೊಟ್ಟೆ ಬಿಗಿಹಿಡಿದು ತಿಣುಕಬೇಕು. ತಲೆ ಕೆಳಗಾದಾಗ ಗಾಳಿ ಮೇಲಕ್ಕೆ, ಅಂದರೆ ನಿಮ್ಮ ಕಾಲಿನ ಕಡೆಗೆ ಹೋಗಲು ನೋಡುತ್ತದೆ. ಎದೆಯೂ ನೀರಿನ ಒತ್ತಡಕ್ಕೆ ಕುಗ್ಗುತ್ತಿರುತ್ತದೆ. ಅಲ್ಲಿಂದ ಬಾಯಿಗೆ ಗಾಳಿ ಎಳೆದು ತರುವುದು ಕಷ್ಟ. ತಿಣುಕಿದಷ್ಟೂ ಮೈ ಬಿಗಿಯಾಗುತ್ತದೆ, ಉಸಿರೂ ಖರ್ಚಾಗುತ್ತದೆ.

ಇನ್ನೊಂದು ವಿಷಯ. ಹತ್ತು ಮೀಟರಿಗೆ ಒತ್ತಡ ಮೇಲಿನ ಎರಡರಷ್ಟಾಗುತ್ತದೆ, ಕಿವಿಯೊಳಗಿನ ಗಾಳಿ ಅರ್ಧಕ್ಕೆ ಕುಗ್ಗಲು ನೋಡುತ್ತದೆ. ಆ ಅರ್ಧ ಇನ್ನೊಮ್ಮೆ ಅರ್ಧವಾಗಲು 30 ಮೀಟರಿಗೆ ಹೋಗಬೇಕು. ಹಾಗಾಗಿ ಕಿವಿಗೆ ಜಾಸ್ತಿ ಕೆಲಸ ಇರುವುದು ಮೊದಲ ಹತ್ತು ಮೀಟರಿನಲ್ಲೇ. ನೀವು ನೋವು ಬರುವ ತನಕ ಕಾಯುತ್ತೀರಿ ಅಂತ ನನ್ನ ಅನುಮಾನ. ಅಷ್ಟು ಹೊತ್ತಿಗೆ ನಾಳದ ಬಾಯಿ ಕಚ್ಚಿಕೊಂಡಿರುತ್ತದೆ. ಆಮೇಲೆ ಏನು ಮಾಡಿದರೂ ತೆರೆಯದು. ಬಲವಂತ ಮಾಡಿದರೆ ಒಳಗಿವಿಗೇ ಪೆಟ್ಟಾಗಬಹುದು.

ನಿಮಗೆ ಬೇಕಿರುವುದು ಫ್ರೆಂಜೆಲ್. ಜರ್ಮನಿಯ ಕಿವಿ ವೈದ್ಯ ಹರ್ಮನ್ ಫ್ರೆಂಜೆಲ್ 1938ರಲ್ಲಿ ವಿಮಾನ ಚಾಲಕರಿಗಾಗಿ ವಿವರಿಸಿದ ವಿಧಾನ ಇದು. ಇಲ್ಲಿ ಎದೆಗೆ ಕೆಲಸವಿಲ್ಲ. ಗಂಟಲು ಮುಚ್ಚಿ, ಬಾಯಲ್ಲಿರುವ ಗಾಳಿಯನ್ನು ನಾಲಿಗೆಯಿಂದ ಹಿಂದಕ್ಕೆ ದೂಡಬೇಕು. ಇದನ್ನು ನೀರಿನಲ್ಲಿ ಕಲಿಯಲು ಹೋಗಬೇಡಿ. ಮನೆಯಲ್ಲಿ ಕನ್ನಡಿ ಮುಂದೆ ಕೂತು ಕಲಿಯಿರಿ.

ತುಂಬಿದ ಬಕೆಟ್ ಎತ್ತುವಾಗ ದಮ್ಮು ಕಟ್ಟುತ್ತೀರಲ್ಲ, ಆಗ ಗಂಟಲು ತಾನಾಗಿ ಮುಚ್ಚುತ್ತದೆ. ಆ ಮುಚ್ಚುವಿಕೆಯನ್ನು ಗುರುತಿಟ್ಟುಕೊಳ್ಳಿ. ಇನ್ನು ಅಂಗುಳಿನ ಹಿಂಭಾಗದ ಮೆತ್ತಗಿನ ಭಾಗ. ಅದು ಮೂಗಿನ ದಾರಿಗೆ ಬಾಗಿಲು. ಇದನ್ನು ಹೇಳಿಕೊಡಲು ನನಗೆ ಸಿಕ್ಕ ಸುಲಭದ ದಾರಿ ನಮ್ಮ ಎರಡು ಮಾತುಗಳು. ‘ಅಪ್ಪ’ ಅನ್ನಲು ಹೊರಟು ತುಟಿ ಮುಚ್ಚಿದ ಕಡೆಯೇ ನಿಂತುಬಿಡಿ. ಮೂಗಿನ ಬಾಗಿಲು ಮುಚ್ಚಿರುತ್ತದೆ. ‘ಅಮ್ಮ’ ಅನ್ನಲು ಹೊರಟು ಅದೇ ಕಡೆ ನಿಲ್ಲಿ. ತುಟಿ ಹಾಗೇ ಮುಚ್ಚಿದೆ, ಆದರೆ ಮೂಗಿನ ಬಾಗಿಲು ತೆರೆದಿದೆ. ಕಿವಿ ಬಿಡಿಸಲು ಬೇಕಿರುವುದು ಅಮ್ಮ, ಅಪ್ಪ ಅಲ್ಲ. ತರಗತಿಯಲ್ಲಿ ಇದನ್ನು ಹೇಳಿದಾಗಲೆಲ್ಲ ಯಾರಾದರೂ ನಗುತ್ತಾರೆ. ನಕ್ಕರೂ ಮರೆಯುವುದಿಲ್ಲ.

ಈಗ ಮೂಗು ಹಿಡಿಯಿರಿ. ಇನ್ನೊಂದು ಕೈ ಹೊಟ್ಟೆಯ ಮೇಲಿರಲಿ. ‘ನ’ ಅನ್ನುವಾಗಿನಂತೆ ನಾಲಿಗೆಯ ತುದಿಯನ್ನು ಮೇಲ್ಹಲ್ಲಿನ ಹಿಂದೆ ಒತ್ತಿ. ತುದಿ ಅಲ್ಲೇ ಇರಲಿ. ನಾಲಿಗೆಯ ಹಿಂಭಾಗವನ್ನು ‘ಕ’ ಅನ್ನಲು ಹೊರಟಂತೆ ಮೇಲಕ್ಕೆತ್ತಿ. ಸರಿಯಾಗಿ ಆದರೆ ಬೆರಳಿನಡಿ ಮೂಗಿನ ಹೊಳ್ಳೆ ಪುಟ್ಟದಾಗಿ ಉಬ್ಬುತ್ತದೆ. ಗಂಟಲಗಡ್ಡೆ ಮೇಲಕ್ಕೆ ಜಿಗಿಯುತ್ತದೆ. ಕಿವಿಯಲ್ಲಿ ‘ಟಿಕ್’ ಅನ್ನುತ್ತದೆ. ಹೊಟ್ಟೆಯ ಮೇಲಿನ ಕೈಗೆ ಏನೂ ಗೊತ್ತಾಗಬಾರದು. ಹೊಟ್ಟೆ ಅಲುಗಿತಾ, ಮತ್ತೆ ತಿಣುಕುತ್ತಿದ್ದೀರಿ ಅಂತ ಅರ್ಥ. ಕೆನ್ನೆ ಉಬ್ಬಿದರೆ ಗಾಳಿ ಮುಂದಕ್ಕೆ ಜಾರಿದೆ. ಅನುಮಾನ ಇದ್ದರೆ ಉಸಿರೆಲ್ಲ ಹೊರಗೆ ಬಿಟ್ಟು, ಬಾಯಲ್ಲಿ ಒಂದು ಗುಟುಕು ಗಾಳಿ ಮಾತ್ರ ಇಟ್ಟುಕೊಂಡು ಮಾಡಿ ನೋಡಿ. ಆಗಲೂ ಟಿಕ್ ಅಂದರೆ ಕೆಲಸ ಮಾಡುತ್ತಿರುವುದು ನಾಲಿಗೆಯೇ.

ದಿನಕ್ಕೆ ಐದು ನಿಮಿಷ ಸಾಕು, ಅದೂ ಮೆತ್ತಗೆ. ಕೈಬಂದ ಮೇಲೆ ಮಂಚದ ಅಂಚಿನಿಂದ ತಲೆ ಕೆಳಗೆ ಇಳಿಬಿಟ್ಟು ಮಲಗಿ ಅದನ್ನೇ ಮಾಡಿ. ನನಗೆ ಕೂತು ಮಾಡಲು ಬಂದದ್ದು ಒಂದು ವಾರದಲ್ಲಿ. ಮಂಚದ ಅಂಚಿನಲ್ಲಿ ಬರಲು ಒಂದು ತಿಂಗಳು ಬೇಕಾಯಿತು.

ನೀರಿನಲ್ಲಿ ಮೊದಲು ಕಾಲು ಕೆಳಗಾಗಿ ಹಗ್ಗ ಹಿಡಿದು ಇಳಿಯಿರಿ, ಆಮೇಲೆ ತಲೆ ಕೆಳಗಾಗಿ. ಮುಳುಗುವ ಮುಂಚೆಯೇ ಮೇಲೆ ಒಂದು ಸಲ ಟಿಕ್ ಅನಿಸಿಕೊಳ್ಳಿ. ಆಮೇಲೆ ಹಗ್ಗದ ಪ್ರತಿ ಎಳೆತಕ್ಕೂ ಒಂದು, ನೋವಿಗೆ ಕಾಯದೆ. ತಳ ಎಲ್ಲಿದೆ ಅಂತ ತಲೆ ಎತ್ತಿ ನೋಡಬೇಡಿ. ಎಲ್ಲರೂ ನೋಡುತ್ತಾರೆ, ಕುತ್ತಿಗೆ ಹಿಗ್ಗಿ ಗಂಟಲು ಬಿಗಿಯುತ್ತದೆ. ಕಣ್ಣೆದುರಿನ ಹಗ್ಗವನ್ನಷ್ಟೇ ನೋಡಿ. ಒಂದೇ ಕಿವಿ ಹಠ ಮಾಡಿದರೆ ಆ ಕಿವಿ ಮೇಲ್ಮೈ ಕಡೆಗೆ ಬರುವ ಹಾಗೆ ತಲೆ ಸ್ವಲ್ಪ ವಾಲಿಸಿ. ಆಗಲಿಲ್ಲವಾ, ನಿಲ್ಲಿ. ಒಂದು ಮಾರು ಮೇಲೆ ಬಂದು ಇನ್ನೊಂದು ಸಲ ಮಾಡಿ. ಆಗಲೂ ಆಗದಿದ್ದರೆ ಆ ಡೈವ್ ಮುಗಿಯಿತು, ಮೇಲೆ ಬನ್ನಿ.

ಇದನ್ನು ನಾನು ಹೇಳುವುದಕ್ಕೆ ಕಾರಣ ನನ್ನ ಎಡಗಿವಿ. ಒಂದು ಸಲ ನೆಗಡಿ ಪೂರ್ತಿ ಬಿಟ್ಟಿರಲಿಲ್ಲ. ಎಂಟು ಮೀಟರಿನಲ್ಲಿ ಕಿವಿ ಬಿಡಲಿಲ್ಲ. ಹಗ್ಗದ ತುದಿಯಲ್ಲಿ ಗುರಿಗೆಂದು ಕಟ್ಟಿದ ತಟ್ಟೆ ಕೆಳಗೆ ಎರಡೇ ಮೀಟರ್ ದೂರದಲ್ಲಿ ಕಾಣುತ್ತಿತ್ತು. ಇನ್ನೊಂದು ಎಳೆತ, ಅಷ್ಟೇ ತಾನೆ ಅಂದುಕೊಂಡೆ. ‘ಕುಂಯ್’ ಅಂತ ಸಣ್ಣ ಸದ್ದು, ಆಮೇಲೆ ನೋವೇ ಮಾಯ. ಅದರ ಬದಲು ತಲೆಯೊಳಗೆ ತಣ್ಣಗೆ ನೀರು ನುಗ್ಗಿದ ಹಾಗಾಯಿತು, ಸಮುದ್ರ ಗಿರ್ರನೆ ತಿರುಗಿತು. ಮೇಲೆ ಯಾವುದು, ಕೆಳಗೆ ಯಾವುದು ಗೊತ್ತಾಗಲಿಲ್ಲ. ಎರಡೂ ಕೈಯಲ್ಲಿ ಹಗ್ಗ ತಬ್ಬಿಕೊಂಡೆ. ಜೊತೆಗಾರ್ತಿ ಇಳಿದು ಬಂದು ತೋಳು ಹಿಡಿದಾಗಲೇ ಮೇಲೆ ಯಾವ ಕಡೆ ಅಂತ ತಿಳಿದದ್ದು. ಕಿವಿಯ ತಮಟೆ ಹರಿದಿತ್ತು. ವಾಸಿಯಾಗಲು ಆರು ವಾರ ಬೇಕಾಯಿತು, ಅಷ್ಟು ದಿನ ತಲೆಗೆ ಸ್ನಾನ ಮಾಡುವಾಗಲೂ ಕಿವಿಗೆ ಎಣ್ಣೆಹತ್ತಿ. ಡಾಕ್ಟರು ಕೇಳಿದರು, “ನೋಯುತ್ತಿದ್ದಾಗ ಯಾಕಮ್ಮಾ ಕೆಳಗೆ ಹೋದೆ?” ಉತ್ತರ ಇರಲಿಲ್ಲ.

ಹಗ್ಗ ಹಿಡಿದು ನೇತಾಡಲು ನಾಚಬೇಡಿ. ಕಿವಿ ಕಲಿಯುವುದು ಅಲ್ಲೇ.

ಪ್ರಶ್ನೆ: ಅಕ್ಕಾ, ನನ್ನ ಜೊತೆ ಬರುವವರು ಯಾರೂ ಇಲ್ಲ. ಈಜುಕೊಳದಲ್ಲಿ ಒಬ್ಬನೇ ನೀರಿನಡಿ ಉಸಿರು ಹಿಡಿದು ಅಭ್ಯಾಸ ಮಾಡುತ್ತೇನೆ. ಲೈಫ್‌ಗಾರ್ಡ್ ಇರುತ್ತಾರೆ. ಮುಳುಗುವ ಮುಂಚೆ ಜೋರಾಗಿ ಇಪ್ಪತ್ತು ಸಲ ಉಸಿರಾಡಿದರೆ ಸಮಯ ಜಾಸ್ತಿ ಸಿಗುತ್ತದೆ. ಇದು ಸರಿ ತಾನೆ?

ಉತ್ತರ: ಎರಡೂ ತಪ್ಪು ತಮ್ಮಾ. ಈ ಪತ್ರ ಓದಿ ನನಗೆ ಸಿಟ್ಟೇ ಬಂತು.

ಉಸಿರು ಬೇಕು ಅನ್ನಿಸುವುದು ಮುಖ್ಯವಾಗಿ ಇಂಗಾಲದ ಡೈಆಕ್ಸೈಡ್ ಏರಿದ್ದಕ್ಕೆ. ಆಮ್ಲಜನಕ ಇಳಿದದ್ದು ನಮಗೆ ಅಷ್ಟಾಗಿ ತಿಳಿಯುವುದೇ ಇಲ್ಲ. ಜೋರಾಗಿ ಇಪ್ಪತ್ತು ಸಲ ಉಸಿರಾಡಿದಾಗ ರಕ್ತಕ್ಕೆ ಹೊಸದಾಗಿ ಸೇರುವ ಆಮ್ಲಜನಕ ಅಷ್ಟಕ್ಕಷ್ಟೇ, ಅದು ಮೊದಲೇ ಹೆಚ್ಚುಕಡಿಮೆ ತುಂಬಿರುತ್ತದೆ. ಕಡಿಮೆಯಾಗುವುದು ಇಂಗಾಲದ ಡೈಆಕ್ಸೈಡ್. ನಿನಗೆ ಸಿಕ್ಕ ‘ಜಾಸ್ತಿ ಸಮಯ’ ಅಂದರೆ ಅಪಾಯದ ಗಂಟೆಯ ಬಾಯಿಗೆ ಬಟ್ಟೆ ತುರುಕಿದ್ದು. ಗಂಟೆ ಬಾರಿಸುವ ಮುಂಚೆಯೇ ಪ್ರಜ್ಞೆ ಹೋಗಬಹುದು. ಆಳದಿಂದ ಬರುವವರಿಗೆ ಇದು ಇನ್ನೂ ಕೆಟ್ಟದ್ದು. ಕೊನೆಯ ಹತ್ತು ಮೀಟರಿನಲ್ಲಿ ಒತ್ತಡ ಅರ್ಧವಾಗುತ್ತದೆ, ಶ್ವಾಸಕೋಶದ ಆಮ್ಲಜನಕದ ಒತ್ತಡವೂ ಕುಸಿಯುತ್ತದೆ. ಹೆಚ್ಚಿನವರು ಪ್ರಜ್ಞೆ ತಪ್ಪುವುದು ಆ ಹತ್ತು ಮೀಟರಿನಲ್ಲಿ, ಇಲ್ಲವೇ ಮೇಲೆ ಬಂದ ಮೇಲೆ.

ಹೀಗೆ ಬ್ಲ್ಯಾಕ್‌ಔಟ್ ಆದವರು, ಅಂದರೆ ಪ್ರಜ್ಞೆ ತಪ್ಪಿದವರು, ಕೈಕಾಲು ಬಡಿಯುವುದಿಲ್ಲ, ಕೂಗುವುದಿಲ್ಲ. ಸುಮ್ನೆ ತಳದಲ್ಲಿ ಮಲಗಿರುತ್ತಾರೆ. ಅಭ್ಯಾಸ ಮಾಡುತ್ತಿರುವವರೂ ಹಾಗೇ ಮಲಗಿರುತ್ತಾರೆ. ಎತ್ತರದ ಕುರ್ಚಿಯಲ್ಲಿ ಕೂತು ಇಡೀ ಕೊಳ ನೋಡುವ ಲೈಫ್‌ಗಾರ್ಡ್‌ಗೆ ವ್ಯತ್ಯಾಸ ಹೇಗೆ ಗೊತ್ತಾಗಬೇಕು? ನಿನಗೆ ಬೇಕಿರುವುದು ನಿನ್ನನ್ನು ಮಾತ್ರ ನೋಡುವ ಒಬ್ಬ ಬಡ್ಡಿ. ಸಾಲದ ಬಡ್ಡಿ ಅಲ್ಲ, ಈ ಆಟ ಕಲಿತ ಜೊತೆಗಾರ. ಒಬ್ಬ ಕೆಳಗಿದ್ದರೆ ಇನ್ನೊಬ್ಬ ಮೇಲೆ. ಮೇಲೆ ಬಂದವನು ‘ಓಕೆ’ ಅಂದ ಮೇಲೂ ಮೂವತ್ತು ಸೆಕೆಂಡು ಅವನ ಮುಖದಿಂದ ಕಣ್ಣು ತೆಗೆಯಬಾರದು, ಯಾಕೆಂದರೆ ಮೊದಲ ಉಸಿರಿನ ಆಮ್ಲಜನಕ ಮಿದುಳು ಮುಟ್ಟಲು ಸ್ವಲ್ಪ ಹೊತ್ತು ಬೇಕು. ತುಟಿ ನೀಲಿಯಾಗಿ ಕತ್ತು ವಾಲಿದರೆ ಬಾಯಿ, ಮೂಗು ನೀರಿಗೆ ತಾಗದ ಹಾಗೆ ಹಿಡಿದು, ಮಾಸ್ಕ್ ತೆಗೆದು, ಕಣ್ಣಿನ ಹತ್ತಿರ ಊದಿ, ಕೆನ್ನೆ ತಟ್ಟಿ, ಹೆಸರು ಹಿಡಿದು ‘ಉಸಿರಾಡು’ ಅನ್ನಬೇಕು. ಬಹಳಷ್ಟು ಸಲ ಅಷ್ಟಕ್ಕೇ ಎಚ್ಚರವಾಗುತ್ತದೆ. ಆಗದಿದ್ದರೆ ಬಾಯಿಂದ ಉಸಿರು ಕೊಡಬೇಕು. ಇದನ್ನೆಲ್ಲ ಓದಿ ಕಲಿಯಲಾಗದು. ತರಗತಿಯಲ್ಲಿ ಒಬ್ಬರ ಮೇಲೊಬ್ಬರು ಮಾಡಿಯೇ ಕಲಿಯಬೇಕು.

ರಷ್ಯಾದ ನತಾಲಿಯಾ ಮೊಲ್ಚನೋವಾ 2013ರಲ್ಲಿ 9 ನಿಮಿಷ 2 ಸೆಕೆಂಡು ಉಸಿರು ಹಿಡಿದಿದ್ದವರು. 2015ರ ಆಗಸ್ಟ್ 2ರಂದು ಸ್ಪೇನಿನ ಫೊರ್ಮೆಂಟೆರಾ ದ್ವೀಪದ ಹತ್ತಿರ ಮುಳುಗಿ ಮತ್ತೆ ಮೇಲೆ ಬರಲಿಲ್ಲ. ಅವತ್ತು ಸ್ಪರ್ಧೆಯೂ ಇರಲಿಲ್ಲ, ದಾಖಲೆಯ ಪ್ರಯತ್ನವೂ ಅಲ್ಲ. ಅವರ ಮುಂದೆ ನಾನೂ ನೀನೂ ಯಾವ ಲೆಕ್ಕ?

ಜೊತೆ ಸಿಗುವ ತನಕ ಮಂಚದ ಮೇಲೆ ಮಲಗಿ ಉಸಿರು ಹಿಡಿ. ಸ್ನಾನದ ತೊಟ್ಟಿಯಲ್ಲೂ ಬೇಡ.

ಪ್ರಶ್ನೆ: ಮಾಸ್ಕ್ ಬದಲು ಈಜುವ ಗಾಗಲ್ಸ್ ಹಾಕಿಕೊಂಡು, ಕಿವಿಗೆ ಪ್ಲಗ್ ಇಟ್ಟುಕೊಂಡು ಮುಳುಗಬಹುದಾ?

ಉತ್ತರ: ಬೇಡ. ಮಾಸ್ಕಿನೊಳಗೆ ಮೂಗೂ ಇರುತ್ತದೆ, ಗಾಗಲ್ಸ್ ಒಳಗೆ ಇರುವುದಿಲ್ಲ, ಹಾಗಾಗಿ ಆಳದಲ್ಲಿ ಅದಕ್ಕೆ ಗಾಳಿ ತುಂಬಲು ಆಗುವುದಿಲ್ಲ. ಅದು ಕಣ್ಣನ್ನೇ ಹೀರುತ್ತದೆ, ಬಿಳಿಗುಡ್ಡೆಯಲ್ಲಿ ರಕ್ತ ಒಸರುತ್ತದೆ. ಪ್ಲಗ್ ಮತ್ತು ತಮಟೆಯ ನಡುವೆ ಸಿಕ್ಕಿಕೊಂಡ ಗಾಳಿಯನ್ನೂ ಸರಿಮಾಡಲು ದಾರಿಯಿಲ್ಲ.

ಪ್ರಶ್ನೆ: ನೆಗಡಿ ಇದೆ, ಕೋರ್ಸಿಗೆ ದುಡ್ಡು ಕಟ್ಟಿಯಾಗಿದೆ. ಮೂಗಿಗೆ ಸ್ಪ್ರೇ ಹೊಡೆದುಕೊಂಡು ಹೋಗಲಾ?

ಉತ್ತರ: ಮೇಲಿನ ನನ್ನ ಎಡಗಿವಿಯ ಕತೆ ಇನ್ನೊಮ್ಮೆ ಓದಿ. ಸ್ಪ್ರೇಯ ಪ್ರಭಾವ ನೀರಿನಲ್ಲಿದ್ದಾಗಲೇ ಇಳಿದರೆ, ಹೋಗುವಾಗ ತೆರೆದಿದ್ದ ನಾಳ ಬರುವಾಗ ಮುಚ್ಚಿಕೊಳ್ಳುತ್ತದೆ. ಆಗ ಗಾಳಿ ಒಳಗೇ ಹಿಗ್ಗುತ್ತದೆ, ಉಸಿರು ಹಿಡಿದಿರುವವರು ಕೆಳಗೆ ಕಾಯುತ್ತಾ ಕೂರುವ ಹಾಗೂ ಇಲ್ಲ. ತರಬೇತಿ ಕೊಡುವವರಿಗೆ ಫೋನ್ ಮಾಡಿ ದಿನ ಬದಲಿಸಿ ಅನ್ನಿ. ನೆಗಡಿ ಅಂದರೆ ಸಾಮಾನ್ಯವಾಗಿ ಒಪ್ಪುತ್ತಾರೆ.