ಹೆಚ್ಚು-ಕಮ್ಮಿ ಹೇಳದ ಅಂಕಿ

ಓದುಗರ ಪತ್ರ: ವಿಶ್ವ ಹಿಗ್ಗುವ ವೇಗ (ಸುಮಾರು 33 ಲಕ್ಷ ಜ್ಯೋತಿರ್ವರ್ಷ ದೂರಕ್ಕೆ ಸೆಕೆಂಡಿಗೆ ಇಷ್ಟು ಕಿ.ಮೀ. ಎಂಬ ಲೆಕ್ಕ) ಒಂದು ತಂಡಕ್ಕೆ 67, ಇನ್ನೊಂದಕ್ಕೆ 73. ಈಗ ಗುರುತ್ವ ಅಲೆ, ರೇಡಿಯೊ ಎರಡನ್ನೂ ಸೇರಿಸಿ 70 ಎನ್ನುತ್ತಾರೆ, ಅದರಲ್ಲೂ 5 ಆಚೀಚೆ. ಇದು ಅಳತೆಯೋ, ರಾಜಿ ಪಂಚಾಯಿತಿಯೋ?

ಸಂಪಾದಕರ ಉತ್ತರ: ರಾಜಿ ಪಂಚಾಯಿತಿ ಎಂದಿದ್ದಕ್ಕೆ ನಕ್ಕುಬಿಟ್ಟೆ. ನಿಮ್ಮ ದೂರಿನಲ್ಲಿ ಹುರುಳಿದೆ. 65ರಿಂದ 75ರೊಳಗೆ ಇಬ್ಬರಿಗೂ ಜಾಗ ಇದೆ, ಜಗಳ ಬಗೆಹರಿಯಲಿಲ್ಲ. ಆದರೆ ನೀವು ಸೋಲು ಅಂದುಕೊಂಡ ಆ 5 ಇದೆಯಲ್ಲ, ಇಡೀ ಲೆಕ್ಕದಲ್ಲಿ ನನಗೆ ಜಾಸ್ತಿ ಇಷ್ಟವಾದದ್ದು ಅದೇ.

ಅದು ಬಂದ ದಾರಿ ನೋಡಿ. ಭಾರಿ ಕಾಯಗಳು ಡಿಕ್ಕಿ ಹೊಡೆದಾಗ ದೇಶಕಾಲದಲ್ಲೇ ಏಳುವ ಕಂಪನ ಈ ಗುರುತ್ವ ಅಲೆ. ಅಲೆಯ ಆಕಾರದಿಂದಲೇ ಅದು ಹುಟ್ಟುವಾಗ ಎಷ್ಟು ಜೋರಿತ್ತು ಎಂದು ಗೊತ್ತಾಗುತ್ತದೆ. ಇಲ್ಲಿಗೆ ಎಷ್ಟು ಕ್ಷೀಣವಾಗಿ ಬಂತು ಎಂದು ನೋಡಿದರೆ ದೂರ ಸಿಗುತ್ತದೆ. 1986ರಲ್ಲೇ ಭೌತವಿಜ್ಞಾನಿ ಬರ್ನಾರ್ಡ್ ಶುಟ್ಜ್ ಇದನ್ನು ಹೇಳಿದ್ದರು. ಅಂಥ ಅವಕಾಶ ಬಂದದ್ದು 2017ರ ಆಗಸ್ಟ್ 17ರಂದು. ಸುಮಾರು 13 ಕೋಟಿ ಜ್ಯೋತಿರ್ವರ್ಷ ದೂರದ ಎನ್‌ಜಿಸಿ 4993 ಗ್ಯಾಲಕ್ಸಿಯಲ್ಲಿ ಎರಡು ನ್ಯೂಟ್ರಾನ್ ನಕ್ಷತ್ರ (ಸತ್ತ ನಕ್ಷತ್ರದ ಅತಿ ಸಾಂದ್ರ ತಿರುಳು) ಡಿಕ್ಕಿ ಹೊಡೆದ ಅಲೆ ಲೈಗೊ, ವರ್ಗೊ ಎಂಬ ಅಲೆ ಹಿಡಿಯುವ ವೀಕ್ಷಣಾಲಯಗಳಿಗೆ ಸಿಕ್ಕಿತು. ಆ ಗ್ಯಾಲಕ್ಸಿ ನಮ್ಮಿಂದ ಸರಿಯುವ ವೇಗವನ್ನು ಅದರ ಬೆಳಕಿನಿಂದ ತಿಳಿದು, ಈ ದೂರದೊಂದಿಗೆ ಲೆಕ್ಕ ಹಾಕಿದರೆ 70. ಮೇಲಕ್ಕೆ 12, ಕೆಳಕ್ಕೆ 8.

ಇಷ್ಟು ಸಡಿಲ ಯಾಕೆ? ಜೋಡಿ ನಮ್ಮತ್ತ ಎಷ್ಟು ವಾಲಿತ್ತು ಎಂಬುದು ಗೊತ್ತಿರಲಿಲ್ಲ. ಹತ್ತಿರವಿದ್ದು ಪಕ್ಕಕ್ಕೆ ತಿರುಗಿದ ಜೋಡಿಯೂ, ದೂರವಿದ್ದು ನಮಗೆ ಮುಖ ಮಾಡಿದ ಜೋಡಿಯೂ ಒಂದೇ ಜೋರಿನ ಅಲೆ ಕಳಿಸಬಲ್ಲವು. ಇಲ್ಲಿ ರೇಡಿಯೊ ಕೈಹಿಡಿಯಿತು. ಡಿಕ್ಕಿಯಿಂದ ಚಿಮ್ಮಿದ ಧಾರೆಯನ್ನು ದೂರ ದೂರದ ರೇಡಿಯೊ ದೂರದರ್ಶಕಗಳು ಒಟ್ಟಾಗಿ ತಿಂಗಳುಗಟ್ಟಲೆ ನೋಡಿದವು. ಅದು ಬೆಳಕಿನ ನಾಲ್ಕು ಪಟ್ಟು ವೇಗದಲ್ಲಿ ಸರಿದಂತೆ ಕಂಡಿತು. ಕಂಡಿತು ಅಷ್ಟೇ! ಬೆಳಕಿಗೆ ತೀರಾ ಹತ್ತಿರದ ವೇಗದಲ್ಲಿ ಹೆಚ್ಚುಕಡಿಮೆ ನಮ್ಮತ್ತಲೇ ಬರುವ ಧಾರೆ ಹಾಗೆ ಕಾಣುತ್ತದೆ. ಧಾರೆ ಚಿಮ್ಮುವುದು ಜೋಡಿ ಸುತ್ತುವ ಅಕ್ಷದ ದಿಕ್ಕಿಗೇ, ಹಾಗಾಗಿ ವಾಲಿಕೆ 20 ಡಿಗ್ರಿಯ ಆಸುಪಾಸು ಎಂದಾಯಿತು. 2019ರಲ್ಲಿ ಕೆಂಟಾ ಹೊಟೊಕೆಜಾಕಾ ತಂಡ ಎರಡನ್ನೂ ಸೇರಿಸಿದಾಗ ಸಡಿಲ 5ಕ್ಕೆ ಇಳಿಯಿತು. ಇಂಥವು ಇನ್ನೂ ಹದಿನೈದು ಸಿಕ್ಕರೆ ಜಗಳ ತೀರಬಹುದು ಎಂದೂ ಅವರೇ ಹೇಳಿದರು. 2019ರಲ್ಲಿ ಇನ್ನೊಂದು ಜೋಡಿಯ ಅಲೆ ಬಂತು, ಆದರೆ ಅದರ ಬೆಳಕು ಸಿಗಲಿಲ್ಲ. ಕಾಯಬೇಕು, ಬೇರೆ ದಾರಿ ಇಲ್ಲ.

ಈಗ ಸ್ವಲ್ಪ ಗದರುತ್ತೇನೆ, ಬೇಸರ ಬೇಡ. 70ರ ಹೆಚ್ಚು-ಕಮ್ಮಿ ಬರೆದ ನೀವು 67, 73ರದ್ದನ್ನು ಯಾಕೆ ಬಿಟ್ಟಿರಿ? ವಿಶ್ವದ ಅತಿ ಹಳೆಯ ಬೆಳಕನ್ನು ಅಳೆದ ಪ್ಲಾಂಕ್ ಉಪಗ್ರಹದ 67ಕ್ಕೆ ಬರೀ ಅರ್ಧ ಆಚೀಚೆ, ಹತ್ತಿರದ ನಕ್ಷತ್ರಗಳಿಂದ ದೂರದವಕ್ಕೆ ಮೆಟ್ಟಿಲು ಮೆಟ್ಟಿಲಾಗಿ ದೂರ ಅಳೆಯುವ ಏಣಿ ಹತ್ತಿ ಪಡೆದ 73ಕ್ಕೆ ಸುಮಾರು 1 ಆಚೀಚೆ. ಅವು ಅಷ್ಟು ಚಿಕ್ಕದಾಗಿರುವುದಕ್ಕೇ ಇದು ಜಗಳ. ಇಲ್ಲದಿದ್ದರೆ 67 ಮತ್ತು 73 ಸುಮ್ನೆ ನೆರೆಹೊರೆ, ಅಲ್ವಾ? ಚಿಕ್ಕದು ಅಂತ ನಂಬಿಬಿಡಲೂ ಆಗದು. 1929ರಲ್ಲಿ ಖಗೋಳವಿಜ್ಞಾನಿ ಹಬಲ್‌ಗೆ ಸಿಕ್ಕದ್ದು ಸುಮಾರು 500. ಆಮೇಲಿನ ಖಗೋಳವಿಜ್ಞಾನಿಗಳಲ್ಲಿ ಸ್ಯಾಂಡೇಜ್ 50ರ ಹತ್ತಿರ ನಿಂತರು, ಡಿ ವೊಕೂಲರ್ 100ರ ಹತ್ತಿರ. ಇಬ್ಬರಿಗೂ ತಮ್ಮ ಅಂಕಿಯ ಮೇಲೆ ಭಾರಿ ಭರವಸೆ!

ತಪ್ಪು ನಿಮ್ಮದೊಂದೇ ಅಲ್ಲ ಬಿಡಿ. ಚುನಾವಣಾ ಸಮೀಕ್ಷೆ, ಮಳೆಯ ಮುನ್ಸೂಚನೆ, ಔಷಧಿಯ ಪರೀಕ್ಷೆ ಯಾವುದೇ ಇರಲಿ, ಸುದ್ದಿಮನೆಯಲ್ಲಿ ಮೊದಲು ಕತ್ತರಿ ಬೀಳುವುದು ಹೆಚ್ಚು-ಕಮ್ಮಿಗೇ. ಶೀರ್ಷಿಕೆಯಲ್ಲಿ ಜಾಗ ಇಲ್ಲ ಎನ್ನುತ್ತಾರೆ. ‘ಐನ್‌ಸ್ಟೈನ್ ಹೇಳಿದ್ದು ತಪ್ಪೇ?’ ಎಂದು ಕೇಳಲು ಮಾತ್ರ ಅದೇ ಶೀರ್ಷಿಕೆಯಲ್ಲಿ ಬೇಕಾದಷ್ಟು ಜಾಗ ಇರುತ್ತದೆ.