ಕೇಳಿ, ಹೇಳ್ತೀನಿ: ಮಾತ್ರೆಯಲ್ಲೂ ಸೋಪು, ಗ್ರೀಸಿನಲ್ಲೂ ಸೋಪು

ಬೋರ್‌ವೆಲ್ ನೀರಿಗೆ ಸೋಪು ಯಾಕೆ ನೊರೆ ಕೊಡಲ್ಲ ಅಂತ ಹೋದ ಸಂಚಿಕೆಯಲ್ಲಿ ಪಾವಗಡದವರೊಬ್ಬರು ಕೇಳಿದ್ದರು. ನೀರಿನಲ್ಲಿರುವ ಕ್ಯಾಲ್ಸಿಯಂ ಸೋಪಿನ ಸೋಡಿಯಂ ಜಾಗಕ್ಕೆ ಬಂದು ಕೂರುತ್ತದೆ, ಆಗ ನೀರಿನಲ್ಲಿ ಕರಗದ ಬಿಳಿ ಜಿಡ್ಡು ಹುಟ್ಟುತ್ತದೆ, ಬಕೆಟ್ ಅಂಚಿಗೆ ಮೆತ್ತಿಕೊಳ್ಳುವುದು ಅದೇ ಅಂತ ಬರೆದಿದ್ದೆ. ಕೊನೆಗೆ ಒಂದು ಮಾತು ಸೇರಿಸಿದ್ದೆ: ಇದೇ ಜಿಡ್ಡಿನ ಜಾತಿಯ ಪುಡಿಯನ್ನು ಕಾರ್ಖಾನೆಗಳು ದುಡ್ಡು ಕೊಟ್ಟು ಮೂಟೆಗಟ್ಟಲೆ ತರಿಸಿಕೊಳ್ಳುತ್ತವೆ. ಅಷ್ಟೇ ಸಾಕಾಯ್ತು, ಈ ಸಲ ಬಂದ ಪತ್ರಗಳಲ್ಲಿ ಮುಕ್ಕಾಲು ಪಾಲು ಅದರ ಬಗ್ಗೆಯೇ. ಕುಕ್ಕರ್ ಗ್ಯಾಸ್ಕೆಟ್ ಬಗ್ಗೆ ಕೇಳಿದವರು ದಯವಿಟ್ಟು ಒಂದು ತಿಂಗಳು ಕಾಯಬೇಕು.

ಪ್ರಶ್ನೆ: ಮೇಡಂ, ನಮ್ಮತ್ತೆಯ ಬಿ.ಪಿ. ಮಾತ್ರೆಯ ಚೀಟಿಯಲ್ಲಿ 'ಮೆಗ್ನೀಶಿಯಂ ಸ್ಟಿಯರೇಟ್' ಅಂತಿದೆ. ಅದು ಸೋಪು, ಹೊಟ್ಟೆಗೆ ಕೆಟ್ಟದ್ದು ಅಂತ ವಾಟ್ಸಾಪ್‌ನಲ್ಲಿ ಬಂದಿದೆ. ನಿಜವಾ? (ಗೃಹಿಣಿ, ತುಮಕೂರು)

ಸೋಪು ಅನ್ನುವುದು ನಿಜ. ಕೆಟ್ಟದ್ದು ಅನ್ನುವುದು ಸುಮ್ನೆ ಹೆದರಿಸುವ ಮಾತು.

ಎಣ್ಣೆ, ಕೊಬ್ಬಿನಲ್ಲಿ ಸಿಗುವ ಆಮ್ಲಕ್ಕೆ ಯಾವ ಲೋಹ ಸೇರಿದರೂ ಲ್ಯಾಬಿನವರು ಅದನ್ನು ಸೋಪು ಅಂತಲೇ ಕರೆಯುತ್ತಾರೆ. ಸೋಡಿಯಂ ಸೇರಿದರೆ ಸ್ನಾನದ ಸೋಪು. ಮೆಗ್ನೀಶಿಯಂ ಸೇರಿದರೆ ನೀರಿನಲ್ಲಿ ಕರಗದ, ಬೆರಳಿನಲ್ಲಿ ಉಜ್ಜಿದರೆ ಜಾರುವ ನುಣ್ಣನೆಯ ಬಿಳಿ ಪುಡಿ. ಮಾತ್ರೆ ಒತ್ತುವ ಮಶೀನಿನಲ್ಲಿ ಔಷಧದ ಪುಡಿ ಅಚ್ಚಿಗೆ ಅಂಟಬಾರದು, ಮಾತ್ರೆ ಒಡೆಯದೆ ಹೊರಗೆ ಬರಬೇಕು. ದೋಸೆ ಕಾವಲಿಗೆ ಎಣ್ಣೆ ಸವರುತ್ತೇವಲ್ಲ, ಹಾಗೆ. ಸಾಮಾನ್ಯವಾಗಿ ಮಾತ್ರೆಯ ತೂಕದ ಶೇ. 1ರಷ್ಟು, ಅಥವಾ ಇನ್ನೂ ಕಡಿಮೆ.

ಜಾಸ್ತಿ ಹಾಕಲು ಔಷಧ ಕಂಪನಿಗಳಿಗೇ ಇಷ್ಟವಿಲ್ಲ. ಈ ಪುಡಿಗೂ ನೀರಿಗೂ ಆಗಿಬರಲ್ಲ. ಜಾಸ್ತಿ ಬಿದ್ದರೆ ಔಷಧದ ಕಣಕ್ಕೆಲ್ಲ ಮೆತ್ತಿಕೊಂಡು, ಮಾತ್ರೆ ಗಟ್ಟಿ ನಿಲ್ಲಲ್ಲ, ಹೊಟ್ಟೆಯಲ್ಲಿ ಕರಗುವುದೂ ತಡವಾಗುತ್ತದೆ. ಹೆಚ್ಚು ಹೊತ್ತು ಕಲಸಿದರೂ ಇದೇ ಕತೆ. ಅದಕ್ಕೇ ಇದನ್ನು ಎಲ್ಲಕ್ಕಿಂತ ಕೊನೆಗೆ ಹಾಕಿ, ಸ್ವಲ್ಪ ಹೊತ್ತು ಮಾತ್ರ ತಿರುಗಿಸುತ್ತಾರೆ.

ನಿಮ್ಮತ್ತೆ ಸಸ್ಯಾಹಾರಿಯಾಗಿದ್ದರೆ ಒಂದು ಪ್ರಶ್ನೆ ಮಾತ್ರ ನ್ಯಾಯವಾದದ್ದು. ಈ ಪುಡಿಗೆ ಬೇಕಾದ ಸ್ಟಿಯರಿಕ್ ಆಮ್ಲವನ್ನು ತಾಳೆ ಎಣ್ಣೆಯಿಂದಲೂ ತೆಗೆಯುತ್ತಾರೆ, ಪ್ರಾಣಿಯ ಕೊಬ್ಬಿನಿಂದಲೂ ತೆಗೆಯುತ್ತಾರೆ. ಯಾವುದು ಅಂತ ಕಂಪನಿಯನ್ನೇ ಕೇಳಬೇಕು. ಅಲ್ಲಿಯವರೆಗೆ ಮಾತ್ರೆ ನಿಲ್ಲಿಸಬೇಡಿ.

ಪ್ರಶ್ನೆ: ಗೇಟಿಗೆ ಕಪ್ಪು ಎನಾಮಲ್ ಹೊಡೆಸಿದೆ. ವಾರವಾದರೂ ಕೈಗೆ ಅಂಟುತ್ತಿದೆ. ಹಳೇ ಡಬ್ಬ, ಹೋದ ವರ್ಷ ತಂದು ಉಳಿದದ್ದು. ಅಂಗಡಿಯವರು ಬಾಟಲಿಯಲ್ಲಿ 'ಡ್ರೈಯರ್' ಕೊಡ್ತೀನಿ, ಬೆರೆಸಿ ಇನ್ನೊಂದು ಕೋಟ್ ಹೊಡೆಯಿರಿ ಅಂತಾರೆ. ಹೊಡೆಯಲಾ? (ಗುಬ್ಬಿ)

ಹೊಡೆಯಬೇಡಿ. ಮೊದಲು ಯಾಕೆ ಒಣಗಿಲ್ಲ ಅಂತ ನೋಡೋಣ.

ನಾನು ಕೆಲಸ ಮಾಡಿದ್ದು ಪೇಂಟಿನ ಲ್ಯಾಬಿನಲ್ಲೇ. ಎನಾಮಲ್ ಒಣಗುವುದು ಬಟ್ಟೆ ಒಣಗಿದ ಹಾಗಲ್ಲ. ಥಿನ್ನರ್ ಆರಿಹೋಗುವುದು ಬರೀ ಮೊದಲ ಹೆಜ್ಜೆ. ಆಮೇಲೆ ಪೇಂಟಿನೊಳಗಿನ ಎಣ್ಣೆ ಗಾಳಿಯಿಂದ ಆಮ್ಲಜನಕ ಎಳೆದುಕೊಂಡು, ಒಂದಕ್ಕೊಂದು ಹೆಣೆದುಕೊಂಡು ಗಟ್ಟಿ ಪದರವಾಗಬೇಕು. ಅದರಷ್ಟಕ್ಕೆ ಬಿಟ್ಟರೆ ಈ ಕೆಲಸಕ್ಕೆ ದಿನಗಟ್ಟಲೆ ಬೇಕು. ಕೋಬಾಲ್ಟ್ ಇದ್ದರೆ ರಾತ್ರಿ ಕಳೆಯುವುದರೊಳಗೆ ಮುಗಿಯುತ್ತದೆ. ಆದರೆ ಕೋಬಾಲ್ಟ್ ಪುಡಿಯನ್ನು ಎಣ್ಣೆಗೆ ಸುರಿದರೆ ತಳಕ್ಕೆ ಕೂರುತ್ತದೆ ಅಷ್ಟೆ. ಅದು ಎಣ್ಣೆಯಲ್ಲಿ ಕರಗಬೇಕಾದರೆ ಎಣ್ಣೆಗೆ ಒಗ್ಗುವ ಆಮ್ಲದ ಜೊತೆ ಕಟ್ಟಬೇಕು. ಹಾಗೆ ಕಟ್ಟಿದ್ದೇ ಕೋಬಾಲ್ಟ್ ಆಕ್ಟೋಯೇಟ್, ಕೋಬಾಲ್ಟ್ ನ್ಯಾಫ್ತನೇಟ್. ಡ್ರೈಯರ್ ಅನ್ನುವುದು ಇಂಥದ್ದನ್ನೇ. ನೇರಳೆ ಬಣ್ಣದ ಮಂದ ದ್ರವ. ಬಿಳಿ ಪೇಂಟಿಗೆ ಒಂದು ತೊಟ್ಟು ಬಿದ್ದರೂ ಗೊತ್ತಾಗುತ್ತದೆ. ಪೇಂಟಿನ ಅಂಟಿನ ತೂಕಕ್ಕೆ ಲೆಕ್ಕ ಹಾಕಿದರೆ ಬೇಕಾಗುವ ಕೋಬಾಲ್ಟ್ ಶೇ. 0.1 ಕೂಡ ದಾಟುವುದಿಲ್ಲ.

ನಿಮ್ಮ ಡಬ್ಬದಲ್ಲೂ ಅದು ಇತ್ತು. ಈಗ ಕೆಲಸ ಮಾಡುತ್ತಿಲ್ಲ. ಕಪ್ಪು ಬಣ್ಣಕ್ಕೆ ಹಾಕುವ ಮಸಿಯ ಕಣಗಳು ತುಂಬಾ ನಯ. ಡಬ್ಬ ತಿಂಗಳುಗಟ್ಟಲೆ ಕೂತರೆ ಕೋಬಾಲ್ಟ್ ನಿಧಾನಕ್ಕೆ ಹೋಗಿ ಆ ಕಣಗಳಿಗೆ ಅಂಟಿಕೊಂಡುಬಿಡುತ್ತದೆ. ಹೀಗಾಗಿ ಹಳೇ ಡಬ್ಬ ಅಂದರೆ ಬಿಳಿಗಿಂತ ಕಪ್ಪೇ ಜಾಸ್ತಿ ಕೈಕೊಡುವುದು. ಇದರ ಮೇಲೆ ನಿಮ್ಮ ಪೇಂಟರ್ ಥಿನ್ನರ್ ಬದಲು ಸೀಮೆಎಣ್ಣೆ ಬೆರೆಸಿದ್ದರೆ ಕೇಳುವುದೇ ಬೇಡ, ಅದು ಆರುವುದು ಬಲು ನಿಧಾನ.

ಹಾಗಾದರೆ ಇನ್ನಷ್ಟು ಡ್ರೈಯರ್ ಹಾಕಿದರೇನು? ಕೋಬಾಲ್ಟ್ ಮೇಲ್ಮೈಯಲ್ಲಿ ಚುರುಕು. ಅಳತೆ ಮೀರಿದರೆ ಮೇಲೆ ಕೆನೆ ಕಟ್ಟುತ್ತದೆ, ಒಳಗೆ ಹಸಿ ಉಳಿಯುತ್ತದೆ. ಆಮೇಲೆ ಪದರವೆಲ್ಲ ಸುಕ್ಕು. ಅದಕ್ಕೇ ಕಾರ್ಖಾನೆಯಲ್ಲಿ ಕೋಬಾಲ್ಟ್ ಒಂದನ್ನೇ ಹಾಕುವುದಿಲ್ಲ. ಆಳದವರೆಗೆ ಒಣಗಿಸಲು ಜಿರ್ಕೋನಿಯಂ, ಜೊತೆಗೆ ಕ್ಯಾಲ್ಸಿಯಂ, ಹೀಗೆ ಮೂರನ್ನೂ ಲೆಕ್ಕ ಹಾಕಿ ಸೇರಿಸುತ್ತಾರೆ. ಹಿಂದೆ ಆಳದ ಕೆಲಸಕ್ಕೆ ಸೀಸ ಇತ್ತು. ಮಕ್ಕಳ ಮೆದುಳಿಗೆ ಅದು ಮಾಡುವ ಹಾನಿ ಗೊತ್ತೇ ಇದೆ. ಮನೆಗೆ ಬಳಿಯುವ ಪೇಂಟಿನಲ್ಲಿ ಸೀಸ ಹತ್ತು ಲಕ್ಷಕ್ಕೆ 90 ಪಾಲು ಮೀರಬಾರದು ಅನ್ನುವ ನಿಯಮ 2016ರಲ್ಲಿ ಬಂತು, 2017ರ ನವೆಂಬರಿನಿಂದ ಜಾರಿಯಲ್ಲಿದೆ. ಅಂಗಡಿಯವರ ಬಾಟಲಿಯಲ್ಲಿ ಯಾವ ಲೋಹ, ಶೇಕಡಾ ಎಷ್ಟು ಅಂತ ಚೀಟಿ ಇದೆಯಾ ನೋಡಿ. ಚೀಟಿ ಇಲ್ಲದ್ದನ್ನು ನಾನಂತೂ ಮುಟ್ಟಲ್ಲ.

ಗೇಟಿನ ಅಂಟನ್ನು ಥಿನ್ನರ್ ಬಟ್ಟೆಯಿಂದ ಒರೆಸಿ ತೆಗೆಯಿರಿ. ಹೊಸ ಡಬ್ಬ ತನ್ನಿ, ತೆಳ್ಳಗೆ ಎರಡು ಕೋಟ್ ಹೊಡೆಸಿ. ಒಣಗಿದೆಯಾ ಅಂತ ಬೆರಳಿಟ್ಟು ನೋಡಿ ಗುರುತು ಮಾಡಬೇಡಿ. ಲ್ಯಾಬಿನಲ್ಲಿ ಗಾಜಿನ ಮೇಲೆ ಪೇಂಟ್ ಎಳೆದು, ಒಂದೆರಡು ಎಳೆ ಹತ್ತಿಯನ್ನು ಮೇಲಿನಿಂದ ಬಿಡುತ್ತಿದ್ದೆವು. ಮೆಲ್ಲಗೆ ಊದಿದರೆ ಹತ್ತಿ ಹಾರಿ ಹೋಗಬೇಕು. ಹೋಗದಿದ್ದರೆ ಇನ್ನೂ ಹಸಿ. ಗೇಟಿಗೂ ಇದೇ ಸಾಕು.

ಅಂದಹಾಗೆ, ಮರಕ್ಕೆ ಅಗಸೆ ಎಣ್ಣೆ ಬಳಿಯುವವರು ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬಾರದು. ಎಣ್ಣೆ ಆಮ್ಲಜನಕ ಎಳೆದುಕೊಳ್ಳುವಾಗ ಬಿಸಿಯಾಗುತ್ತದೆ. ಮುದ್ದೆಯೊಳಗಿನ ಬಿಸಿ ಹೊರಗೆ ಹೋಗದೆ ಬಟ್ಟೆ ತಾನಾಗಿ ಹೊತ್ತಿಕೊಂಡ ಉದಾಹರಣೆಗಳು ಬೇಕಾದಷ್ಟಿವೆ. ಡ್ರೈಯರ್ ಇದ್ದ ಎಣ್ಣೆಯಾದರೆ ಇನ್ನೂ ಬೇಗ. ಹರಡಿ ಒಣಹಾಕಿ, ಇಲ್ಲವೇ ನೀರಿನಲ್ಲಿ ಮುಳುಗಿಸಿಡಿ.

ಪ್ರಶ್ನೆ: ಡಿಪ್ಲೊಮಾ ಮುಗಿಸಿ ವಸಂತನರಸಾಪುರದಲ್ಲಿ ಪಿ.ವಿ.ಸಿ. ಪೈಪ್ ಮಾಡುವ ಕಡೆ ಸೇರಿದ್ದೇನೆ. ಕ್ಯಾಲ್ಸಿಯಂ-ಜಿಂಕ್ ಪುಡಿ ಹಾಕುತ್ತಾರೆ. ಮೊನ್ನೆ ಪೈಪ್ ಬಿಳಿಯಾಗಿ ಬರುತ್ತಿದ್ದದ್ದು ಇದ್ದಕ್ಕಿದ್ದಂತೆ ಕಪ್ಪಾಯ್ತು. ಹಿಂದಿನ ಸೀಸದ ಪುಡಿಯೇ ಚೆನ್ನಾಗಿತ್ತು ಅಂತ ಆಪರೇಟರ್ ಅಣ್ಣ ಗೊಣಗುತ್ತಾರೆ. ಏನಿದು ಮೇಡಂ?

ನಿಮ್ಮ ಆಪರೇಟರ್ ಅಣ್ಣ ಹೇಳುವುದರಲ್ಲಿ ಅರ್ಧ ಸರಿ.

ಪಿ.ವಿ.ಸಿ.ಯನ್ನು ಕರಗಿಸಿ ಪೈಪ್ ಎಳೆಯಲು 170ರಿಂದ 200 ಡಿಗ್ರಿ ಸೆಲ್ಸಿಯಸ್ ಶಾಖ ಬೇಕು. ಆ ಶಾಖಕ್ಕೆ ಪ್ಲಾಸ್ಟಿಕ್ಕೇ ಬಿಚ್ಚಿಕೊಳ್ಳಲು ಶುರು. ಅದರಿಂದ ಹೈಡ್ರೋಕ್ಲೋರಿಕ್ ಆಮ್ಲದ ಹೊಗೆ ಬರುತ್ತದೆ. ಒಂದು ಕಡೆ ಬಿಟ್ಟಿತೋ, ಪಕ್ಕದ್ದೂ ಬಿಡುತ್ತದೆ, ಅದರ ಪಕ್ಕದ್ದೂ ಬಿಡುತ್ತದೆ. ಬಣ್ಣ ಹಳದಿ, ಕಂದು, ಕಪ್ಪು ಅಂತ ಇಳಿಯುತ್ತಾ ಹೋಗುತ್ತದೆ. ನಿಮ್ಮ ಪುಡಿಯಲ್ಲಿರುವುದು ಲೋಹದ ಸ್ಟಿಯರೇಟ್, ಮಾತ್ರೆಯಲ್ಲಿ ಹೇಳಿದ ಜಾತಿಯ ಸೋಪೇ. ಅದು ಇಲ್ಲಿ ಎರಡು ಕೆಲಸ ಮಾಡುತ್ತದೆ: ಹೊರಬಂದ ಆಮ್ಲವನ್ನು ಹಿಡಿದುಕೊಳ್ಳುತ್ತದೆ, ಮತ್ತು ಕರಗಿದ ಪ್ಲಾಸ್ಟಿಕ್ ಮಶೀನಿನೊಳಗೆ ತಿರುಗುವ ಸ್ಕ್ರೂಗೆ ಅಂಟದೆ ಜಾರುವಂತೆ ಮಾಡುತ್ತದೆ.

ಸೀಸದ ಪುಡಿ ಇದರಲ್ಲಿ ಬಲು ಗಟ್ಟಿ. ಆಮ್ಲ ಹಿಡಿದ ಮೇಲೂ ತೊಂದರೆ ಕೊಡುವುದಿಲ್ಲ, ಅಗ್ಗವೂ ಹೌದು. ಆದರೆ ಅದೇ ಪೈಪಿನಲ್ಲಿ ಕುಡಿಯುವ ನೀರು ಹರಿಯುತ್ತದೆ ಅಲ್ವಾ? ಪಿ.ವಿ.ಸಿ. ಪೈಪಿನಲ್ಲಿ ಸೀಸ ಬಳಸುವುದಕ್ಕೆ ಕಡಿವಾಣ ಹಾಕುವ ನಿಯಮವನ್ನು ಕೇಂದ್ರ ಸರ್ಕಾರ 2021ರಲ್ಲಿ ತಂದಿತು. ತಂದದ್ದು ತಡವೇ ಆಯಿತು ಅಂತ ನನ್ನ ಅಭಿಪ್ರಾಯ.

ಜಿಂಕ್ ಸ್ವಭಾವ ಬೇರೆ. ಮೊದಲಿಗೆ ಅದು ಬಲು ಚುರುಕಾಗಿ ಕೆಲಸ ಮಾಡುತ್ತದೆ, ಪೈಪ್ ಒಳ್ಳೇ ಬಿಳುಪಾಗಿ ಬರುವುದು ಅದರಿಂದಲೇ. ಆದರೆ ಆಮ್ಲ ಹಿಡಿದ ಮೇಲೆ ಅದು ಜಿಂಕ್ ಕ್ಲೋರೈಡ್ ಆಗುತ್ತದೆ. ಈ ಜಿಂಕ್ ಕ್ಲೋರೈಡ್ ಇದೆಯಲ್ಲ, ಅದೇ ಪ್ಲಾಸ್ಟಿಕ್ಕನ್ನು ಇನ್ನೂ ಬೇಗ ಬಿಚ್ಚಿಸುತ್ತದೆ! ನೀವು ನೋಡಿದ್ದು ಅದನ್ನೇ. ಹಳದಿ, ಕಂದು ಅಂತ ಎಚ್ಚರಿಕೆ ಕೊಡದೆ ಒಮ್ಮೆಲೇ ಕಪ್ಪು. ಇದನ್ನು ತಡೆಯಲು ಕ್ಯಾಲ್ಸಿಯಂ ಸ್ಟಿಯರೇಟ್ ಜೊತೆಗಿರುತ್ತದೆ. ಅದು ಜಿಂಕಿನಿಂದ ಕ್ಲೋರಿನ್ನನ್ನು ತಾನು ತೆಗೆದುಕೊಂಡು, ತನ್ನ ಸ್ಟಿಯರೇಟನ್ನು ಜಿಂಕಿಗೆ ಕೊಡುತ್ತದೆ. ಜಿಂಕ್ ಮತ್ತೆ ಕೆಲಸಕ್ಕೆ ಸಿದ್ಧ. ಕ್ಯಾಲ್ಸಿಯಂ ಮುಗಿದ ಹೊತ್ತಿಗೆ ಆಟ ಮುಗಿಯಿತು. ಹಾಗಾಗಿ ಮೂರು ವಿಷಯ ವಿಚಾರಿಸಿ: ಪುಡಿ ತೂಕ ಹಾಕಿ ಹಾಕಿದ್ದಾ ಅಥವಾ ಮಗ್ಗಿನ ಅಂದಾಜಾ? ಬ್ಯಾರಲ್‌ನ (ಸ್ಕ್ರೂ ತಿರುಗುವ ಕೊಳವೆಯ) ಶಾಖ ಏರಿತ್ತಾ? ಕರೆಂಟ್ ಹೋಗಿ ಮಾಲು ಒಳಗೇ ನಿಂತಿತ್ತಾ? ಕರೆಂಟ್ ಹೋಗುವ ನಮ್ಮ ಊರಲ್ಲಿ ನನಗೆ ಮೂರನೆಯದರ ಮೇಲೇ ಅನುಮಾನ.

ಇನ್ನೊಂದು ಮಾತು. ನೆಲಕ್ಕೆ ಬಿದ್ದ ಸ್ಟಿಯರೇಟ್ ಪುಡಿಯನ್ನು ಏರ್ ಪೈಪಿನಿಂದ ಊದಿ ತೆಗೆಯಬೇಡಿ. ತುಂಬಾ ಹಗುರ, ಎದೆಗೆ ಹೋಗುತ್ತದೆ. ಗಾಳಿಯಲ್ಲಿ ದಟ್ಟವಾಗಿ ಎದ್ದಾಗ ಕಿಡಿ ಸಿಕ್ಕರೆ ಸ್ಫೋಟವೂ ಆಗುತ್ತದೆ.

ಪ್ರಶ್ನೆ: ನಮ್ಮಪ್ಪ ಎತ್ತಿನ ಗಾಡಿಗೆ ಕೀಲೆಣ್ಣೆ ಹಾಕುತ್ತಿದ್ದರು. ನಾನು ಟ್ರ್ಯಾಕ್ಟರಿಗೆ ಗ್ರೀಸ್ ಹಾಕ್ತೀನಿ. ಹಳದಿ, ಕೆಂಪು, ನೀಲಿ, ಯಾವುದು ಒಳ್ಳೇದು? (ರೈತರು, ಶಿರಾ)

ಬಣ್ಣ ನೋಡಿ ಗ್ರೀಸ್ ಕೊಳ್ಳಬೇಡಿ, ಅದು ಬರೀ ಡೈ. ಡಬ್ಬದ ಮೇಲೆ ಯಾವ ಲೋಹದ ಸೋಪು ಅಂತ ಓದಿ. ಗ್ರೀಸ್ ಅಂದರೆ ಮುಕ್ಕಾಲಕ್ಕಿಂತ ಜಾಸ್ತಿ ಎಣ್ಣೆ, ಅದು ಹರಿದುಹೋಗದಂತೆ ಹಿಡಿದಿಡಲು ಸ್ವಲ್ಪ ಸೋಪು. ಕ್ಯಾಲ್ಸಿಯಂ ಸೋಪಿನದು ನೀರಿಗೆ ಜಗ್ಗಲ್ಲ, ಬಿಸಿಗೆ ಸೋಲುತ್ತದೆ. ಹಳೇ ಕ್ರಮದ ಕ್ಯಾಲ್ಸಿಯಂ ಗ್ರೀಸಿನ ಕಟ್ಟು ನಿಂತಿರುವುದೇ ಅದರೊಳಗಿನ ಚೂರು ನೀರಿನಿಂದ. ಕಾದು ಆ ನೀರು ಹೋದರೆ ಎಣ್ಣೆಯೇ ಬೇರೆ, ಸೋಪೇ ಬೇರೆ. ಸೋಡಿಯಂ ಗ್ರೀಸ್ ಬಿಸಿ ತಡೆಯುತ್ತದೆ, ಕೆಸರು ಗದ್ದೆಗೆ ಇಳಿದರೆ ತೊಳೆದುಹೋಗುತ್ತದೆ. ಲಿಥಿಯಂ ಎರಡಕ್ಕೂ ಆಗುತ್ತದೆ. ಅಮೆರಿಕದ ಕ್ಲಾರೆನ್ಸ್ ಅರ್ಲ್ ಇದರ ಪೇಟೆಂಟ್ ಪಡೆದದ್ದು 1942ರಲ್ಲಿ. ಹೆಚ್ಚುಕಡಿಮೆ 190 ಡಿಗ್ರಿಯವರೆಗೆ ತೊಟ್ಟಿಕ್ಕುವುದಿಲ್ಲ. ಚಕ್ರದ ಬೇರಿಂಗಿಗೆ ಅದನ್ನೇ ತನ್ನಿ. ಹಳೇದರ ಮೇಲೆ ಬೇರೆ ಜಾತಿಯದನ್ನು ತುಂಬಬೇಡಿ. ಎರಡು ಸೋಪು ಕೂಡಿದರೆ ಕೆಲವು ಸಲ ನೀರಾಗುತ್ತದೆ. ಪೂರ್ತಿ ತೊಳೆದು ಹಾಕಿ.

ನಿಮ್ಮಪ್ಪನ ಕೀಲೆಣ್ಣೆಯೂ ಇದಕ್ಕೆ ದೂರದ ನೆಂಟ. ಹುಲ್ಲು ಸುಟ್ಟ ಕರಿಗೆ ಹರಳೆಣ್ಣೆ ಕಲಸಿ ಮಾಡುತ್ತಿದ್ದರು. ಇವತ್ತಿನ ಲಿಥಿಯಂ ಗ್ರೀಸಿಗೆ ಬೇಕಾದ ಆಮ್ಲ ಬರುವುದೂ ಹರಳೆಣ್ಣೆಯಿಂದಲೇ. ಹರಳು ಅತಿ ಹೆಚ್ಚು ಬೆಳೆಯುವುದು ಗುಜರಾತ್. ನಮ್ಮ ಕಡೆ ಬದುವಿನ ಮೇಲೆ ನಾಲ್ಕು ಗಿಡ ಅಷ್ಟೆ.

ಪ್ರಶ್ನೆ: ಬ್ರೆಡ್ ಪ್ಯಾಕೆಟ್ ಮೇಲೆ 282 ಅಂತಿದೆ. ಏನದು? (ವಿದ್ಯಾರ್ಥಿನಿ, ಗೌರಿಬಿದನೂರು)

ಕ್ಯಾಲ್ಸಿಯಂ ಪ್ರೊಪಿಯೊನೇಟ್. ಬೂಸ್ಟು ಬರದಂತೆ ತಡೆಯುತ್ತದೆ, ಆದರೆ ಹಿಟ್ಟು ಉಬ್ಬಿಸುವ ಯೀಸ್ಟಿಗೆ ಅಷ್ಟಾಗಿ ತೊಂದರೆ ಕೊಡುವುದಿಲ್ಲ. ಬೇಕರಿಯವರಿಗೆ ಬೇಕಾದದ್ದೂ ಅದೇ. ಸಾಸ್, ಜಾಮ್ ಬಾಟಲಿಯ ಮೇಲಿನ 211 ಸೋಡಿಯಂ ಬೆಂಜೊಯೇಟ್, ಅದು ಹುಳಿ ಇದ್ದ ಕಡೆ ಮಾತ್ರ ಕೆಲಸ ಮಾಡುತ್ತದೆ.

ಪ್ರಶ್ನೆ: ಕಲಂಕಾರಿಯ ಕಪ್ಪು ಬಣ್ಣಕ್ಕೆ ಬೆಲ್ಲ ಹಾಕ್ತಾರಂತೆ? (ಚಿತ್ರಕಲಾ ಶಿಕ್ಷಕರು, ಮುಳಬಾಗಿಲು)

ಹೌದು ಸಾರ್. ಬಟ್ಟೆಯ ಮೇಲೆ ಈ ಚಿತ್ರ ಬರೆಯುವ ಶ್ರೀಕಾಳಹಸ್ತಿ ನಿಮಗೆ ದೂರವೇನಲ್ಲ, ಹೋಗಿ ನೋಡಿ. ತುಕ್ಕು ಕಬ್ಬಿಣದ ಚೂರುಗಳನ್ನು ಬೆಲ್ಲದ ನೀರಿನಲ್ಲಿ ಹುಳಿಯಲು ಬಿಡುತ್ತಾರೆ. ಹುಳಿತು ಬಂದ ಅಸಿಟಿಕ್ ಆಮ್ಲ ಕಬ್ಬಿಣವನ್ನು ಕರಗಿಸಿ ಕಬ್ಬಿಣದ ಅಸಿಟೇಟ್ ಆಗುತ್ತದೆ. ಬಟ್ಟೆಯನ್ನು ಮೊದಲೇ ಅಳಲೆಕಾಯಿ, ಹಾಲಿನಲ್ಲಿ ಅದ್ದಿ ಒಣಗಿಸಿರುತ್ತಾರೆ. ಲೇಖನಿಯಿಂದ ಗೆರೆ ಎಳೆದ ಕೂಡಲೇ ಅಳಲೆಯ ಒಗರಿಗೆ ಕಬ್ಬಿಣ ಸೇರಿ, ಪೇಲವವಾಗಿದ್ದ ಗೆರೆ ಕಣ್ಣೆದುರಿಗೇ ಕಪ್ಪಾಗುತ್ತದೆ. ಕಾರ್ಖಾನೆಗಳು ಹುಟ್ಟುವ ಎಷ್ಟೋ ಮೊದಲೇ ನಮ್ಮವರು ಮಾಡಿಕೊಂಡಿದ್ದ ಕೈಗಾರಿಕೆ ಇದು.

ಪ್ರಶ್ನೆ: ಕ್ಯಾತ್ಸಂದ್ರದಲ್ಲಿ ಹೋಟೆಲ್ ಇದೆ. ವಡೆ ಬಾಣಲೆಯ ಪಕ್ಕ ಇಡಲು ಬೆಂಕಿ ಆರಿಸುವ ಬೇರೆಯೇ ಜಾತಿಯ ಸಿಲಿಂಡರ್ ತಗೊಳ್ಳಿ ಅಂತಾರೆ. ಪುಡಿಯ ಸಿಲಿಂಡರ್ ಸಾಲದಾ?

ತಟ್ಟೆ ಇಡ್ಲಿಗಷ್ಟೇ ನಿಂತಿದ್ದರೆ ಬೇಡ ಅನ್ನುತ್ತಿದ್ದೆ! ವಡೆ ಕರಿಯುತ್ತೀರಿ ಅಂದರೆ ತಗೊಳ್ಳಿ. ಪುಡಿ ಉರಿಯನ್ನು ಆರಿಸುತ್ತದೆ, ಎಣ್ಣೆಯನ್ನು ತಣಿಸುವುದಿಲ್ಲ. ಎಣ್ಣೆ ಅಷ್ಟೇ ಕಾದಿದ್ದರೆ ಮತ್ತೆ ತಾನಾಗಿ ಹೊತ್ತಿಕೊಳ್ಳುತ್ತದೆ. ಅಡುಗೆ ಎಣ್ಣೆಗೆಂದೇ ಮಾಡಿದ ಸಿಲಿಂಡರಿನಲ್ಲಿ ಪೊಟ್ಯಾಸಿಯಂ ಅಸಿಟೇಟಿನಂಥ ಲವಣದ ನೀರು ಇರುತ್ತದೆ. ತುಂತುರಾಗಿ ಬಿದ್ದಾಗ ಕಾದ ಎಣ್ಣೆಯ ಮೇಲ್ಪದರವೇ ಸೋಪಾಗಿ ನೊರೆ ಕಟ್ಟಿ, ಗಾಳಿ ತಾಗದಂತೆ ಮುಚ್ಚುತ್ತದೆ. ನೀರು ಆವಿಯಾಗುತ್ತಾ ತಣಿಸುತ್ತದೆ. ಚೊಂಬಿನಲ್ಲಿ ನೀರು ಎರಚುವುದು ಮಾತ್ರ ಯಾವ ಕಾಲಕ್ಕೂ ಬೇಡ. ಮತ್ತೆ, ಆ ಎಣ್ಣೆಯನ್ನು ಸೋಸಿ ಬಳಸಬಹುದಾ ಅಂತ ಮುಂದಿನ ತಿಂಗಳು ಬರೆಯಬೇಡಿ.

ಪ್ರಶ್ನೆ: ಅಂತರಸನಹಳ್ಳಿಯಲ್ಲಿ ಫೈಬರ್ ಶೀಟ್, ಟ್ಯಾಂಕ್ ಮಾಡ್ತೀವಿ. ನೇರಳೆ ಬಾಟಲಿ, ನೀರಿನಂಥ ಬಾಟಲಿ ಎರಡನ್ನೂ ಒಟ್ಟಿಗೆ ಕಲಸಿಟ್ಟುಕೊಂಡರೆ ಕೆಲಸ ಬೇಗ ಆಗಲ್ವಾ?

ಬೇಡವೇ ಬೇಡ. ನೇರಳೆಯದು ಪೇಂಟಿನಲ್ಲಿ ಹೇಳಿದ ಅದೇ ಕೋಬಾಲ್ಟ್. ನೀರಿನಂಥದ್ದು ಪೆರಾಕ್ಸೈಡ್. ಕೋಬಾಲ್ಟ್ ಇಲ್ಲಿ ಪೆರಾಕ್ಸೈಡನ್ನು ಒಡೆಯುವುದಕ್ಕೇ ಇರುವುದು. ರೆಸಿನ್ನಿನಲ್ಲಿ (ಶೀಟಿಗೆ ಬಳಿಯುವ ಅಂಟಿನಂಥ ದ್ರವದಲ್ಲಿ) ಹರಡಿಕೊಂಡಿದ್ದರೆ ಆ ಕೆಲಸ ನಿಧಾನವಾಗಿ ಆಗಿ ಶೀಟ್ ಗಟ್ಟಿಯಾಗುತ್ತದೆ. ನೇರವಾಗಿ ಒಂದಕ್ಕೊಂದು ಸೇರಿದರೆ ಬೆಂಕಿ, ಸ್ಫೋಟ. ಮೊದಲು ಕೋಬಾಲ್ಟನ್ನು ರೆಸಿನ್ನಿಗೆ ಹಾಕಿ ಚೆನ್ನಾಗಿ ಕಲಸಿ. ಪೆರಾಕ್ಸೈಡ್ ಕೊನೆಗೆ, ಬಳಿಯುವ ಮುಂಚೆ. ಎರಡಕ್ಕೂ ಬೇರೆ ಬೇರೆ ಅಳತೆ ಲೋಟ, ಬೇರೆ ಬೇರೆ ಕಪಾಟು. ಕೋಬಾಲ್ಟ್ ಬೆರೆಸಿದ ರೆಸಿನ್ ಡ್ರಮ್ಮಿಗೆ ಈಗಲೇ ಚೀಟಿ ಅಂಟಿಸಿ. ಪೆರಾಕ್ಸೈಡ್ ಕಣ್ಣಿಗೆ ಹಾರಿದರೆ ದೃಷ್ಟಿಯೇ ಹೋಗಬಹುದು, ಹುಡುಗರಿಗೆ ಕನ್ನಡಕ ಹಾಕಿಸಿ. ಹಾರಿದರೆ ಮೊದಲು ನಲ್ಲಿ ಕೆಳಗೆ ಕಾಲು ಗಂಟೆಯಾದರೂ ಬಿಡದೆ ತೊಳೆಯಿರಿ, ಆಮೇಲೆ ಆಸ್ಪತ್ರೆಗೆ ಓಡಿ.