ಇಂಗಳದಾಳಿನ ತಾಮ್ರ: ನಿಮ್ಮ ಲೇಖನ ಯಾಕೆ ವಾಪಸ್ ಬರ್ತಿದೆ

ನಮಸ್ಕಾರ.

ಚಿತ್ರದುರ್ಗದ ಪಕ್ಕದ ಇಂಗಳದಾಳಿನ ತಾಮ್ರದ ಬಗ್ಗೆ ನೀವು ಕಳಿಸಿದ ಲೇಖನ ಓದಿದೆ. ಈಗಿರುವ ರೂಪದಲ್ಲಿ ಹಾಕಲು ಆಗುವುದಿಲ್ಲ. ಆದರೆ ಸುಮ್ನೆ ಬಿಟ್ಟುಬಿಡುವ ಲೇಖನವೂ ಅಲ್ಲ. ಅದಕ್ಕೇ ಇಷ್ಟು ಉದ್ದ ಬರೆಯುತ್ತಿದ್ದೇನೆ.

ನೀವು 250 ಕೋಟಿ ವರ್ಷದ ಹಿಂದಿನಿಂದ ಶುರು ಮಾಡಿದ್ದೀರಿ. ಮೂರು ಪುಟ ಮುಗಿದರೂ ಚಿತ್ರದುರ್ಗ ಬರಲಿಲ್ಲ. ಕಲ್ಲು ಹುಟ್ಟಿದ ಕ್ರಮದಲ್ಲಿ ಬರೆದರೆ ಹೀಗೇ ಆಗೋದು. ಜನ ಅದನ್ನು ಕಂಡುಕೊಂಡ ಕ್ರಮದಲ್ಲಿ ಬರೆಯಿರಿ. ನಿಮ್ಮ ಒಳ್ಳೆಯ ಪ್ಯಾರಾ ಏಳನೇ ಪುಟದಲ್ಲಿ ಅಡಗಿದೆ: ಹಳೇ ಗಣಿ ಗುಂಡಿಯ ಅಂಚಿನ ಕಲ್ಲಿಗೆ ನೀರು ಚಿಮುಕಿಸಿದಾಗ ಹಸಿರು ಕಲೆ ಎದ್ದು ಕಂಡಿದ್ದು. ಅಲ್ಲಿಂದ ಶುರು ಮಾಡಿ.

ಆ ಹಸಿರಿನ ಕಥೆಯನ್ನೂ ಪೂರ್ತಿ ಹೇಳಿ. ಆಳದಲ್ಲಿರುವುದು ಚಾಲ್ಕೊಪೈರೈಟ್. ಹಿತ್ತಾಳೆ ಬಣ್ಣದ್ದು, ತಾಮ್ರ, ಕಬ್ಬಿಣ, ಗಂಧಕ ಸೇರಿದ ಖನಿಜ. ಮಳೆನೀರು, ಗಾಳಿ ತಾಗಿದಾಗ ಅದು ಒಡೆಯುತ್ತದೆ. ಕಬ್ಬಿಣ ತುಕ್ಕಾಗಿ ಮೇಲೇ ಉಳಿಯುತ್ತದೆ. ತಾಮ್ರ ಕರಗಿ ಜಾರುತ್ತದೆ, ಅದರಲ್ಲಿ ಒಂದಿಷ್ಟು ಮ್ಯಾಲಕೈಟ್ ಆಗಿ ಹಸಿರು ಮೆತ್ತುತ್ತದೆ. ‘ಹಸಿರು ಜಾಸ್ತಿ ಇದ್ದರೆ ತಾಮ್ರ ಜಾಸ್ತಿ’ ಎಂದು ಬರೆದಿದ್ದೀರಲ್ಲ, ಅದು ತಪ್ಪು. ಚೂರು ತಾಮ್ರವೇ ಇಡೀ ಬಂಡೆಗೆ ಬಣ್ಣ ಬಳಿಯಬಲ್ಲದು. ಎಷ್ಟೋ ಶೋಧಗಳು ದಾರಿ ತಪ್ಪಿದ್ದು ಈ ಹಸಿರನ್ನು ನಂಬಿಯೇ.

‘1894ರಲ್ಲಿ ತಾಮ್ರ ಪತ್ತೆಯಾಯಿತು’ ಅಂತೀರಿ. ಅದು ಮೈಸೂರು ಭೂವಿಜ್ಞಾನ ಇಲಾಖೆ ಶುರುವಾದ ವರ್ಷ, ರಾಬರ್ಟ್ ಬ್ರೂಸ್ ಫೂಟ್ ಅದರ ಮುಖ್ಯಸ್ಥರಾಗಿದ್ದರು. ಗುಂಡಿ ತೋಡಿದವರು ಅದಕ್ಕಿಂತ ಎಷ್ಟೋ ಮೊದಲಿನವರು. ಅವರ ಹೆಸರು ಕಡತದಲ್ಲಿಲ್ಲ ಎಂದಮಾತ್ರಕ್ಕೆ ಪತ್ತೆಯ ಗೌರವ ಇಲಾಖೆಗೆ ಹೋಗಬೇಕಾ?

‘ಲಾವಾದಿಂದ ತಾಮ್ರ ಕರಗಿ ಹರಿಯಿತು’ ಎಂಬ ಸಾಲು ತೆಗೆಯಿರಿ. ಇಂಥ ಕಡೆ ಸಾಮಾನ್ಯವಾಗಿ ಕೊಡುವ ವಿವರಣೆ ಬೇರೆ. ಸಮುದ್ರದಡಿ ಲಾವಾ ಉಕ್ಕಿತು. ಬಿರುಕುಗಳಲ್ಲಿ ಇಳಿದ ನೀರು ಕಾದು, ಕಲ್ಲಿನೊಳಗಿನ ಲೋಹವನ್ನು ಕರಗಿಸಿಕೊಂಡು ಮೇಲೆ ಬಂತು. ತಣ್ಣಗಾದಾಗ ಗಂಧಕದ ಜೊತೆ ಸೇರಿ ಕೂತಿತು. ಆಮೇಲೆ ಇಡೀ ಪದರ ಮಡಿಸಿ, ಹಿಂಡಿ ಹೋಯಿತು. ಸಮುದ್ರ ಇತ್ತು ಎನ್ನುವುದಕ್ಕೆ ಸಾಕ್ಷಿ ದೂರ ಹುಡುಕಬೇಕಿಲ್ಲ. ಅದೇ ಜಿಲ್ಲೆಯ ಮರಡಿಹಳ್ಳಿಯಲ್ಲಿ ದಿಂಬಿನಾಕಾರದ ಲಾವಾ ಇದೆ. ಲಾವಾ ನೀರಿನಡಿ ಉಕ್ಕಿ ತಟ್ಟನೆ ತಣಿದಾಗ ಈ ಆಕಾರ ಬರುತ್ತದೆ. ಅದು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ. ನಿಮ್ಮ ಲೇಖನದಲ್ಲಿ ಅದರ ಹೆಸರೇ ಇಲ್ಲ, ಆಶ್ಚರ್ಯ.

ಇನ್ನು ಅಂಕಿಗಳು. ಬೋರ್ ಹಾಕಿದಾಗ ಸಿಕ್ಕ ಅದಿರಿನ ಉದ್ದವನ್ನೇ ನೀವು ದಪ್ಪ ಎಂದಿದ್ದೀರಿ. ಬೋರ್ ಅದಿರಿನ ಪದರದ ಮೈಗೆ 30 ಡಿಗ್ರಿ ಕೋನದಲ್ಲಿ ಓರೆಯಾಗಿ ಕೊಯ್ದರೆ, ಕೋರ್ (ಬೋರ್‌ನಿಂದ ಹೊರತೆಗೆದ ಉದ್ದನೆಯ ಕಲ್ಲು) ಜೋಡಿಸಿಟ್ಟ ಪೆಟ್ಟಿಗೆಯಲ್ಲಿ 4 ಮೀಟರ್ ಕಂಡದ್ದು ಅಸಲಿಗೆ 2 ಮೀಟರ್. ಗಣಿ ಲಾಭವೋ ನಷ್ಟವೋ ಅನ್ನೋದು ಎಷ್ಟೋ ಸಲ ಇಷ್ಟರಲ್ಲೇ ನಿಂತಿರುತ್ತದೆ. ಹಾಗೆಯೇ ‘ಶೇ. 1’ ಎಂದು ಬರೆದು ಮುಂದೆ ಹೋಗಬೇಡಿ. ಒಂದು ಟನ್ ಕಲ್ಲಿನಲ್ಲಿ 10 ಕಿಲೋ ತಾಮ್ರ, ಉಳಿದ 990 ಕಿಲೋ ಪುಡಿ ಮಾಡಿ ಬಿಸಾಡಬೇಕು ಎಂದರೆ ಓದುಗರಿಗೆ ಮುಟ್ಟುತ್ತದೆ. ನೆಲಕ್ಕೆ ವಿದ್ಯುತ್ ಹರಿಸಿ ಅದಿರು ಹುಡುಕುವ ಸರ್ವೆಯಲ್ಲಿ ಗ್ರಾಫೈಟ್ ಕೂಡ ಅದಿರಿನ ಹಾಗೇ ಸಿಗ್ನಲ್ ಕೊಡುತ್ತದೆ, ಅದಕ್ಕೊಂದು ಸಾಲು ಸಾಕು.

ಇಂಗಳದಾಳಿನ ಗಣಿ ಹಟ್ಟಿ ಚಿನ್ನದ ಗಣಿ ಕಂಪನಿಯ ಘಟಕವಾಗಿ ನಡೆದ ಕಾಲದ ಬಗ್ಗೆ ನಿಮ್ಮದು ಎರಡೇ ವಾಕ್ಯ. ಶಾಫ್ಟ್ ಇಳಿದು ಕೆಲಸ ಮಾಡಿದವರು ಆ ಊರಲ್ಲಿ ಸಿಕ್ಕರೆ ಮಾತಾಡಿಸಿ. ಕೊನೆಯ ಪುಟದ ಕವಿತೆ ತೆಗೆದುಬಿಡಿ.

ತಿದ್ದಿದ್ದನ್ನು 1500 ಪದದೊಳಗೆ ಕಳಿಸಿ. ಆ ಗುಂಡಿಯ ಫೋಟೋ ಇದ್ದರೆ ಸೇರಿಸಿ, ಅಳತೆಗೆ ಪಕ್ಕದಲ್ಲೊಂದು ಸುತ್ತಿಗೆ ಇಟ್ಟು ತೆಗೆಯಿರಿ.